ಎರಡು ಬಣ್ಣದ ಗ್ರ್ಯಾನಿ ಸ್ಕ್ವೇರ್: ಸುತ್ತು ಸುತ್ತಿಗೂ ದಾರ ಕತ್ತರಿಸಬೇಕೇ?

ಪ್ರಶ್ನೆ: ಕ್ರೋಶಾದಲ್ಲಿ ನಡುವಿನಿಂದ ಸುತ್ತು ಸುತ್ತಾಗಿ ಬೆಳೆಯುವ ಚೌಕ, ಅಂದರೆ ಎರಡು ಬಣ್ಣದ ಗ್ರ್ಯಾನಿ ಸ್ಕ್ವೇರ್‌ಗಳನ್ನು ಹೆಣೆದು, ಜೋಡಿಸಿ, ಹೊದಿಕೆ ಮಾಡಬೇಕೆಂದಿದ್ದೇನೆ. ಒಂದು ಸುತ್ತಿಗೆ ಒಂದು ಬಣ್ಣ, ಮುಂದಿನ ಸುತ್ತಿಗೆ ಇನ್ನೊಂದು. ಬಣ್ಣ ಬದಲಿಸಿದಾಗಲೆಲ್ಲ ದಾರ ಕತ್ತರಿಸಲೇಬೇಕೇ? ತುದಿಗಳಿಗೆ ಗಂಟು ಹಾಕಿ ಬಿಟ್ಟರೆ ಸಾಲದೇ?

ಉತ್ತರ: ಕತ್ತರಿಸಲೇಬೇಕೆಂದಿಲ್ಲ. ಆದರೆ ಗಂಟು ಮಾತ್ರ ಬೇಡ.

ಪ್ರತಿ ಸುತ್ತಿಗೂ ಕತ್ತರಿ ಎತ್ತಿಕೊಳ್ಳುವುದು ರೂಢಿಯೇ ಹೊರತು ನಿಯಮವಲ್ಲ. ಈ ಚೌಕದ ಅಚ್ಚಾದ ಮಾದರಿಗಳ ಪೈಕಿ ಈವರೆಗೆ ಗೊತ್ತಾಗಿರುವ ಅತ್ಯಂತ ಹಳೆಯದು 1885ರಲ್ಲಿ ಅಮೆರಿಕದ ‘ಪ್ರೈರಿ ಫಾರ್ಮರ್’ ಪತ್ರಿಕೆಯಲ್ಲಿ ಬಂದದ್ದು. ಅಳಿದುಳಿದ ದಾರಕ್ಕೆ ಹೇಳಿ ಮಾಡಿಸಿದಂಥ ಹೆಣಿಗೆ ಇದು. ತುಂಡು ಎಲ್ಲಿ ಮುಗಿಯುತ್ತದೆಯೋ ಅಲ್ಲಿ ಬಣ್ಣ ಬದಲು. ಉಳಿಕೆ ದಾರದಲ್ಲಿ ಹೆಣೆಯುವವರಿಗೆ ಹೊಸ ಸುತ್ತಿಗೆ ಹೊಸ ತುದಿ ಬಂದೇ ಬರುತ್ತದೆ, ತಪ್ಪಿಸುವ ಹಾಗಿಲ್ಲ. ಅಂಗಡಿಯಿಂದ ಎರಡು ಪೂರ್ತಿ ಉಂಡೆ ತಂದು ಪಕ್ಕದಲ್ಲಿಟ್ಟುಕೊಂಡು ಕುಳಿತಿರುವ ನಿಮಗೆ ಆ ಕಟ್ಟುಪಾಡು ಯಾಕೆ?

ಲೆಕ್ಕ ಹಾಕಿ ನೋಡಿ. ಐದು ಸುತ್ತಿನ ಒಂದು ಚೌಕದಲ್ಲಿ ಸುತ್ತಿಗೆ ಎರಡರಂತೆ 10 ತುದಿಗಳು. ಸಾಲಿಗೆ 6ರಂತೆ 8 ಸಾಲಿನ ಹೊದಿಕೆಗೆ 48 ಚೌಕ ಬೇಕು, ಅಂದರೆ 480 ತುದಿಗಳು. ಅಷ್ಟನ್ನೂ ಸೂಜಿಗೆ ಪೋಣಿಸಿ ಒಳಸೇರಿಸಬೇಕು. ಎಷ್ಟೋ ಹೊದಿಕೆಗಳು ಅರ್ಧಕ್ಕೇ ನಿಂತು ಬೀರು ಸೇರುವುದು ಹೆಣೆಯುವ ಬೇಸರದಿಂದಲ್ಲ, ಈ ತುದಿಗಳ ಬೇಸರದಿಂದ. ದಾರವನ್ನು ಕತ್ತರಿಸದೆ ಮೇಲಕ್ಕೆ ಒಯ್ದರೆ ಚೌಕವೊಂದಕ್ಕೆ ನಾಲ್ಕೇ ತುದಿ: ಎರಡು ಆರಂಭದವು, ಎರಡು ಕೊನೆಯವು.

ಮುಂದೆ ಹೇಳುವುದು ಗೊಂದಲವಾಗದಿರಲು ಒಂದೆರಡು ಮಾತು. ಕಡ್ಡಿಗೆ ದಾರ ಒಮ್ಮೆ ಸುತ್ತಿಕೊಂಡು ಹೆಣೆಯುವ ಉದ್ದ ಹೊಲಿಗೆಯನ್ನು ಇಲ್ಲಿ ಕಂಬ ಎನ್ನುತ್ತೇನೆ. ಅಮೆರಿಕದ ಮಾದರಿಗಳಲ್ಲಿ ಅದು ಡಬಲ್ ಕ್ರೋಶೆ, ಬ್ರಿಟನ್ನಿನ ಮಾದರಿಗಳಲ್ಲಿ ಟ್ರೆಬಲ್. ಮೂರು ಕಂಬ ಸೇರಿದರೆ ಒಂದು ಗುಂಪು. ಕಡ್ಡಿಯ ಮೇಲಿನ ಕುಣಿಕೆಯೊಳಗಿಂದ ದಾರವನ್ನು ಒಮ್ಮೆ ಎಳೆದರೆ ಒಂದು ಚೈನ್. ಒಂದು ಗುಂಪು, ಎರಡು ಚೈನ್, ಮತ್ತೊಂದು ಗುಂಪು, ಮೂರೂ ಒಂದೇ ಸಂದಿಯಲ್ಲಿ ಬಿದ್ದರೆ ಅದು ಮೂಲೆ. ಗ್ರ್ಯಾನಿ ಸ್ಕ್ವೇರ್‌ಗೆ ಇಷ್ಟೇ ಬಂಡವಾಳ.

ಈಗ ನೀವು ಕೇಳಿದ ಸುತ್ತುಪಟ್ಟೆಯ ಚೌಕ. ಮೊದಲ ಬಣ್ಣ ಕೆಂಪು, ಎರಡನೆಯದು ಹಳದಿ ಎಂದಿಟ್ಟುಕೊಳ್ಳೋಣ. ಕೆಂಪು ಸುತ್ತು ಮುಗಿಸಿ, ಎತ್ತರವಿಲ್ಲದ ಜೋಡಣೆ ಹೊಲಿಗೆಯಾದ ಸ್ಲಿಪ್ ಸ್ಟಿಚ್‌ನಿಂದ ಸೇರಿಸಿದ ಮೇಲೆ ಕಡ್ಡಿಯ ಮೇಲಿನ ಕುಣಿಕೆಯನ್ನು ಸ್ವಲ್ಪ ಉದ್ದ ಎಳೆದು, ಬಿಚ್ಚಿಹೋಗದಂತೆ ಅದಕ್ಕೊಂದು ಸೇಫ್ಟಿ ಪಿನ್ ಹಾಕಿ, ದಾರವನ್ನು ಚೌಕದ ಹಿಂಬದಿಗೆ ಬಿಡಿ. ಹಳದಿಯನ್ನು ಎದುರಿನ ಮೂಲೆಯಲ್ಲಿ ಆರಂಭಿಸಿ. ಎರಡೂ ಬಣ್ಣ ಒಂದೇ ಮೂಲೆಯಿಂದ ಏರಿದರೆ ಆ ಮೂಲೆ ದಪ್ಪವಾಗಿ ಎದ್ದು ಕಾಣುತ್ತದೆ. ಹಳದಿ ಸುತ್ತು ಮುಗಿದಾಗ ಅದನ್ನೂ ಹಾಗೆಯೇ ಪಿನ್ನಿಗೆ ಒಪ್ಪಿಸಿ, ಕೆಂಪಿನ ಬಳಿಗೆ ಬನ್ನಿ. ಕೆಂಪು ದಾರ ಈಗ ಒಂದು ಸುತ್ತು ಕೆಳಗಿದೆ. ಅದರ ನೇರ ಮೇಲಿರುವ ಹಳದಿ ಮೂಲೆಯ ಸಂದಿಯೊಳಗೆ ಕಡ್ಡಿ ತೂರಿಸಿ, ಹಿಂದಿನಿಂದ ಕೆಂಪು ಕುಣಿಕೆಯನ್ನು ಹಿಡಿದು ಮೇಲಕ್ಕೆ ತಂದು, ಮೂರು ಚೈನ್ ಹಾಕಿ ಮುಂದುವರಿಯಿರಿ.

ಕುಣಿಕೆಯನ್ನು ಮೇಲಕ್ಕೆ ತರುವ ಆ ಒಂದು ಕ್ಷಣದಲ್ಲಿ ಕೈ ಹದ ತಪ್ಪಬಾರದು. ಬಿಗಿಯಾಗಿ ಎಳೆದರೆ ಮೂಲೆ ಮುದುಡಿ ಚೌಕ ಬಟ್ಟಲಿನಂತಾಗುತ್ತದೆ. ಸಡಿಲ ಬಿಟ್ಟರೆ ಹಿಂಬದಿಯಲ್ಲಿ ಕುಣಿಕೆ ಜೋಲಿ ಮಕ್ಕಳ ಬೆರಳು ಸಿಕ್ಕಿಕೊಳ್ಳುತ್ತದೆ. ಚೌಕವನ್ನು ಮಂಡಿಯ ಮೇಲೆ ಚಪ್ಪಟೆಯಾಗಿ ಹರಡಿ, ಒಂದು ಸುತ್ತಿನ ಎತ್ತರದಷ್ಟೇ ದಾರ ಹಿಂದೆ ಉಳಿಯುವಂತೆ ನೋಡಿಕೊಂಡರೆ ಸರಿಯಾಗಿ ಕೂರುತ್ತದೆ.

ನನ್ನನ್ನು ಕೇಳಿದರೆ, ಎರಡು ಬಣ್ಣ ಎಂದ ಕೂಡಲೇ ಸುತ್ತುಪಟ್ಟೆಗೇ ಅಂಟಿಕೊಳ್ಳಬೇಕಿಲ್ಲ. ಮೂಲೆಯಿಂದ ಮೂಲೆಗೆ ಗೆರೆ ಎಳೆದ ಹಾಗೆ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು ಬಣ್ಣವಾಗಿ ಹೆಣೆಯುವ ಚೌಕವೂ ಇದೆ. ಜೋಡಿಸುವಾಗ ಅದನ್ನು ತಿರುಗಿಸಿದಂತೆಲ್ಲ ವಜ್ರಾಕಾರ, ಓರೆಪಟ್ಟಿ, ಗಾಳಿಗಿರಗಟ್ಟೆ ಎಲ್ಲವೂ ಮೂಡುತ್ತವೆ. ಅದರ ಒಳಗುಟ್ಟು ಬಹಳ ಚೆಂದ. ಮೊದಲ ಸುತ್ತಿನಲ್ಲಿ ಎರಡು ಗುಂಪು ಕೆಂಪು, ಆಮೇಲೆ ಎರಡು ಗುಂಪು ಹಳದಿ. ಹಳದಿಯನ್ನು ಕೆಂಪಿನ ಆರಂಭಕ್ಕೆ ಸೇರಿಸಿ, ಚೌಕವನ್ನು ಮಗುಚಿ, ಬಂದ ದಾರಿಯಲ್ಲೇ ಹಿಂದಿರುಗಿ. ಈಗ ಕೈಯಲ್ಲಿರುವುದು ಹಳದಿ, ಎದುರಿಗಿರುವುದೂ ಹಳದಿಯ ಅರ್ಧ. ಅದನ್ನು ಹೆಣೆಯುತ್ತಾ ಆಚೆ ಮೂಲೆ ತಲುಪುವ ಹೊತ್ತಿಗೆ, ಹಿಂದಿನ ಸುತ್ತಿನಲ್ಲಿ ಬಿಟ್ಟ ಕೆಂಪು ದಾರ ಸರಿಯಾಗಿ ಅಲ್ಲೇ ಕಾದಿರುತ್ತದೆ. ಪ್ರತಿ ಸುತ್ತಿನ ಕೊನೆಗೆ ಮಗುಚುತ್ತಾ ಹೋದರೆ ದಾರ ಎಂದೂ ದಾರಿ ತಪ್ಪುವುದಿಲ್ಲ. ಮಗುಚದೆ ಒಂದೇ ದಿಕ್ಕಿನಲ್ಲಿ ಹೋದರೆ ಬೇಕಾದ ದಾರ ಯಾವಾಗಲೂ ಅರ್ಧ ಚೌಕದಾಚೆ ಉಳಿದಿರುತ್ತದೆ. ಮಗುಚುವುದರಿಂದ ಇನ್ನೊಂದು ಲಾಭ, ಒಂದೇ ದಿಕ್ಕಿನಲ್ಲಿ ಸುತ್ತಿದಾಗ ಬರುವ ಓರೆ ತಿರುಚು ಇದರಲ್ಲಿ ಕಾಣುವುದಿಲ್ಲ.

ಇಲ್ಲಿ ಬಣ್ಣ ಬದಲಾಗುವುದು ಮೂಲೆಯ ಎರಡು ಚೈನ್‌ಗಳ ನಡುವೆ. ಕಡ್ಡಿಯ ಮೇಲಿರುವ ಕುಣಿಕೆ ಯಾವಾಗಲೂ ಮುಂದಿನ ಹೊಲಿಗೆಯ ತಲೆಗೆ ಸೇರಿದ್ದು. ಆದ್ದರಿಂದ ಹಳೆಯ ಬಣ್ಣದ ಕೊನೆಯ ಚೈನ್ ಎಳೆಯುವಾಗಲೇ ಹೊಸ ಬಣ್ಣವನ್ನು ಕಡ್ಡಿಗೆ ಸುತ್ತಿ ಎಳೆದುಕೊಳ್ಳಬೇಕು. ಹೊಲಿಗೆ ಪೂರ್ತಿಯಾದ ಮೇಲೆ ಬದಲಿಸಿದರೆ ಹಳೆಯ ಬಣ್ಣದ ಚುಕ್ಕೆಯೊಂದು ಹೊಸ ಗುಂಪಿನ ತಲೆಯ ಮೇಲೆ ಉಳಿದುಬಿಡುತ್ತದೆ. ಬಿಟ್ಟ ದಾರ ಸದಾ ಚೌಕದ ಹಿಂಬದಿಯಲ್ಲೇ ಇರಬೇಕು. ಮುಂಬದಿ ನಿಮ್ಮ ಕಡೆಗಿರುವ ಸುತ್ತಿನಲ್ಲಿ ದಾರವನ್ನು ಆಚೆಗೆ, ಹಿಂಬದಿ ನಿಮ್ಮ ಕಡೆಗಿರುವ ಸುತ್ತಿನಲ್ಲಿ ಈಚೆಗೆ ಬಿಡಿ. ಒಮ್ಮೆ ಎಡಕ್ಕೆ ಮಗುಚಿದರೆ ಮುಂದಿನ ಸಲ ಬಲಕ್ಕೆ ಮಗುಚಿ, ಇಲ್ಲವಾದರೆ ಎರಡು ಉಂಡೆಗಳೂ ಹೆಣೆದುಕೊಂಡು ಬಿಡಿಸುವುದೇ ಕೆಲಸವಾಗುತ್ತದೆ.

ಗಂಟಿನ ವಿಷಯ. ಗ್ರ್ಯಾನಿ ಸ್ಕ್ವೇರ್ ತೂತುಗಳ ಹೆಣಿಗೆ, ಗಂಟು ಅಡಗಿಕೊಳ್ಳಲು ಅದರಲ್ಲಿ ಜಾಗವೇ ಇಲ್ಲ. ಇಂದು ಹಿಂಬದಿಯಲ್ಲಿ ಹಾಕಿದ್ದು ನಾಳೆ ತೂತಿನಿಂದ ಮುಂದಕ್ಕೆ ಇಣುಕುತ್ತದೆ. ಅದಕ್ಕಿಂತ ಮುಖ್ಯವಾಗಿ, ಉಲ್ಲನ್ ಎಂದು ನಮ್ಮ ಅಂಗಡಿಗಳಲ್ಲಿ ಸಿಗುವ ಅಗ್ಗದ ದಾರಗಳಲ್ಲಿ ಬಹುಪಾಲು ಅಕ್ರಿಲಿಕ್. ಅದು ನುಣುಪು. ಗಂಟಿನ ಬುಡಕ್ಕೇ ಕತ್ತರಿಸಿದರೆ ಒಗೆದಂತೆ ಒಗೆದಂತೆ ಸಡಿಲವಾಗಿ ಒಂದು ದಿನ ಬಿಚ್ಚಿಕೊಳ್ಳುತ್ತದೆ. ಆರು ಇಂಚು ತುದಿ ಬಿಟ್ಟು, ಮೊಂಡು ಮೊನೆಯ ಸೂಜಿಯಿಂದ ಅದೇ ಬಣ್ಣದ ಗುಂಪಿನೊಳಗೆ ಒಂದು ದಿಕ್ಕಿಗೆ ತೂರಿಸಿ, ಒಂದು ಎಳೆ ದಾಟಿ ಹಿಂದಕ್ಕೆ ತಂದು, ಇನ್ನೊಮ್ಮೆ ಮುಂದಕ್ಕೆ ಒಯ್ಯಿರಿ. ಹೀಗೆ ದಿಕ್ಕು ಬದಲಿಸುತ್ತಾ ಮೂರು ಸಲ ತೂರಿಸಿದ ತುದಿ ಸುಲಭಕ್ಕೆ ಜಾರುವುದಿಲ್ಲ.

ಹಾಗಾದರೆ ಕತ್ತರಿಸುವುದೇ ಮೇಲು ಎನ್ನುವ ಸಂದರ್ಭವಿಲ್ಲವೇ? ಇದೆ. ಬಿಳಿ ಮತ್ತು ಕಡುಬಣ್ಣದ ಜೋಡಿಯಲ್ಲಿ ಹಿಂದೆ ಏರುವ ಕಡು ದಾರ ಬಿಳಿ ಸುತ್ತಿನ ತೂತುಗಳ ಮೂಲಕ ಮಸುಕಾಗಿ ತೋರುತ್ತದೆ. ಎರಡೂ ಬದಿ ಕಾಣುವ ಶಾಲಿಗೂ ಒಯ್ದ ದಾರ ಒಪ್ಪುವುದಿಲ್ಲ. ಇಂಥ ಕಡೆ ಕತ್ತರಿಸಿ, ಆದರೆ ಕೊನೆಗೆಂದು ಗುಡ್ಡೆ ಹಾಕದೆ ಒಂದೊಂದು ಚೌಕ ಮುಗಿದಾಗಲೇ ಅದರ ತುದಿಗಳನ್ನು ಸೇರಿಸಿಬಿಡಿ.

ದಾರ ಕೊಳ್ಳುವ ಮುನ್ನ ಇದನ್ನೂ ಗಮನಿಸಿ. ಐದು ಸುತ್ತಿನಲ್ಲಿ ಗುಂಪುಗಳ ಸಂಖ್ಯೆ ಕ್ರಮವಾಗಿ 4, 8, 12, 16, 20. ಒಂದು, ಮೂರು, ಐದನೆಯ ಸುತ್ತುಗಳು ಕೆಂಪಾದರೆ ಅದಕ್ಕೆ 36 ಗುಂಪು, ಹಳದಿಗೆ 24. ಅಂದರೆ ಹಳದಿ ಎರಡು ಉಂಡೆಯಾದರೆ ಕೆಂಪು ಮೂರು ಉಂಡೆ ಬೇಕು. ಸಮಸಮ ತಂದರೆ ಕೆಂಪು ನಡುವೆಯೇ ಮುಗಿಯುತ್ತದೆ, ಮತ್ತೆ ಹೋದಾಗ ಅದೇ ಬಣ್ಣದ ಅದೇ ಛಾಯೆ ಸಿಗುವ ಖಾತರಿಯಿಲ್ಲ. ಈಗಾಗಲೇ ಸಮವಾಗಿ ತಂದಿದ್ದರೆ ಅರ್ಧ ಚೌಕಗಳನ್ನು ಕೆಂಪಿನಿಂದ, ಉಳಿದರ್ಧವನ್ನು ಹಳದಿಯಿಂದ ಆರಂಭಿಸಿ. ಒಂದು ಬಿಟ್ಟು ಒಂದರಂತೆ ಜೋಡಿಸಿದರೆ ಚದುರಂಗದ ಮಣೆಯ ವಿನ್ಯಾಸವೂ ಬರುತ್ತದೆ, ಎರಡೂ ಬಣ್ಣ ಸಮವಾಗಿಯೇ ಖರ್ಚಾಗುತ್ತವೆ.