ಪದ ಪರಿಚಯ: ಕ್ರಿಟಿಕಲ್ ಪಾತ್

ನಾಗರಬಾವಿಯಲ್ಲಿ ತಮ್ಮ ಮನೆ ಕಟ್ಟಿಸುತ್ತಿದ್ದಾಗ ಒಂದು ಭಾನುವಾರ ಸೈಟಿಗೆ ಹೋಗಿದ್ದೆ. ಮೋಲ್ಡ್ ಹಾಕಿ ಮೂರು ದಿನವಾಗಿತ್ತು. ತಾರಸಿಯ ಮೇಲೆ ಗಾರೆಯ ಪುಟ್ಟ ಬದುಗಳನ್ನು ಕಟ್ಟಿ, ಗದ್ದೆಯ ಮಡಿಗಳ ಹಾಗೆ ನೀರು ನಿಲ್ಲಿಸಿದ್ದರು. ಕೆಳಗೆ ಸೆಂಟ್ರಿಂಗ್ ಕಂಬಗಳ ಕಾಡು, ಒಬ್ಬ ಆಳೂ ಇಲ್ಲ. "ಕೆಲಸವೇ ನಿಂತುಹೋಗಿದೆಯಲ್ಲ" ಎಂದು ತಮ್ಮ ಗೊಣಗಿದ. ಎಂಜಿನಿಯರ್ ನಕ್ಕರು: "ಸಾರ್, ಈಗ ನಡೆಯುತ್ತಿರುವುದೇ ನಿಮ್ಮ ಮನೆಯ ಕ್ರಿಟಿಕಲ್ ಪಾತ್."

ಪಠ್ಯಪುಸ್ತಕದ ಕನ್ನಡದಲ್ಲಿ ಇದನ್ನು 'ನಿರ್ಣಾಯಕ ಪಥ' ಎನ್ನಬಹುದು. ಆದರೆ ಹಾಗೆಂದೊಡನೆ ಎಲ್ಲಕ್ಕಿಂತ ಮುಖ್ಯವಾದ ಅಥವಾ ಕಷ್ಟವಾದ ಕೆಲಸ ಎಂಬ ಅರ್ಥ ಹೊಳೆಯುತ್ತದೆ. ಅದು ತಪ್ಪು. ಒಂದು ಮುಗಿಯದೆ ಇನ್ನೊಂದು ಶುರುವಾಗದಂತೆ ಸರಪಳಿಯಾಗಿ ಕೂಡಿಕೊಂಡ ಕೆಲಸಗಳ ಸಾಲುಗಳು ಯಾವ ಕಟ್ಟಡದಲ್ಲೂ ಹಲವಾರು ಇರುತ್ತವೆ. ಅವುಗಳಲ್ಲಿ ದಿನಗಳ ಲೆಕ್ಕದಲ್ಲಿ ಅತಿ ಉದ್ದವಾದ ಸಾಲೇ ಕ್ರಿಟಿಕಲ್ ಪಾತ್. ಅದರಲ್ಲಿ ಒಂದು ದಿನ ತಡವಾದರೆ ಗೃಹಪ್ರವೇಶವೂ ಒಂದು ದಿನ ಹಿಂದೆ ಬೀಳುತ್ತದೆ.

ತಮ್ಮನ ಮನೆಯನ್ನೇ ನೋಡಿ. 6 ಮೀಟರ್ ಒಳಗಿನ ತೊಲೆಗಳಾದರೆ ಕಾಂಕ್ರೀಟ್ ಗಟ್ಟಿಯಾಗಲೆಂದು ಅಡಿಯ ಆಸರೆ ಕಂಬಗಳನ್ನು ಕನಿಷ್ಠ 14 ದಿನ ತೆಗೆಯಬಾರದು ಎನ್ನುತ್ತದೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ. ಸೆಂಟ್ರಿಂಗ್ ಬಿಚ್ಚಲು 2 ದಿನ, ಗೋಡೆ ಕೊರೆದು ವೈರಿಂಗ್ ಪೈಪ್ ಕೂರಿಸಿ ಒಳಗಿನ ಪ್ಲಾಸ್ಟರಿಂಗ್ ಮುಗಿಸಲು 12 ದಿನ ಎಂದುಕೊಳ್ಳಿ. ಒಟ್ಟು 28. ಆಮೇಲಷ್ಟೇ ನೆಲಕ್ಕೆ ಟೈಲ್ಸ್. ಇತ್ತ ಟೈಲ್ಸ್ ಆರಿಸಿ ತರಿಸಲು 8 ದಿನ ಸಾಕು. ಅಂದರೆ ನಾದಿನಿ ಅಂಗಡಿಯಿಂದ ಅಂಗಡಿಗೆ ಅಲೆದು, ಕೆನೆಬಣ್ಣವೋ ಬೂದುಬಣ್ಣವೋ ಎಂದು 20 ದಿನ ಯೋಚಿಸಿದರೂ ಯಾರಿಗೂ ನಷ್ಟವಿಲ್ಲ. ಆ 20 ದಿನಗಳಿಗೆ 'ಫ್ಲೋಟ್' ಎಂದು ಹೆಸರು. 'ಸಡಿಲು' ಎಂದರೆ ನಮಗೆ ಬೇಗ ಅರ್ಥವಾದೀತು. ಕ್ರಿಟಿಕಲ್ ಪಾತ್ ಮೇಲಿನ ಕೆಲಸಗಳಿಗೆ ಈ ಸಡಿಲು ಸೊನ್ನೆ.

ಸ್ವಾರಸ್ಯವಿರುವುದು 21ನೆಯ ದಿನದಲ್ಲಿ. ಅಂದೂ ಬಣ್ಣ ತೀರ್ಮಾನವಾಗದಿದ್ದರೆ ಕ್ರಿಟಿಕಲ್ ಪಾತ್ ಕಾಂಕ್ರೀಟನ್ನು ಬಿಟ್ಟು ಟೈಲ್ಸ್ ಅಂಗಡಿಗೆ ಹೊರಳುತ್ತದೆ. ಆರಂಭದಲ್ಲಿ ಒಮ್ಮೆ ಚಾರ್ಟ್ ಬರೆಸಿ ಗೋಡೆಗೆ ಅಂಟಿಸಿ ಮರೆಯುವವರಿಗೆ ಈ ಹೊರಳು ಕಾಣುವುದೇ ಇಲ್ಲ. ನಮ್ಮವರಿಗೆ ಪಂಚಾಂಗವೂ ಸೇರಿಕೊಳ್ಳುತ್ತದೆ: ಎರಡೇ ದಿನ ತಡವಾಗಿ ಆಷಾಢ ಹೊಕ್ಕರೆ ಗೃಹಪ್ರವೇಶ ಶ್ರಾವಣಕ್ಕೇ.

ಈ ಲೆಕ್ಕವನ್ನು 1957ರ ಸುಮಾರಿಗೆ ರೂಪಿಸಿದವರು ಅಮೆರಿಕದ ರಾಸಾಯನಿಕ ಕಂಪನಿ ಡುಪಾಂಟ್‌ನ ಮಾರ್ಗನ್ ವಾಕರ್ ಮತ್ತು ಕಂಪ್ಯೂಟರ್ ಕಂಪನಿ ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ. ಅವರನ್ನು ಕಾಡಿದ್ದು ದುಡ್ಡಿನ ಪ್ರಶ್ನೆ: ಬೇಗ ಮುಗಿಸಲು ಹೆಚ್ಚುವರಿ ಹಣವನ್ನು ಯಾವ ಕೆಲಸಕ್ಕೆ ಸುರಿಯಬೇಕು? ಅತಿ ಉದ್ದದ ಸಾಲಿನ ಮೇಲಲ್ಲದೆ ಬೇರೆಡೆ ಸುರಿದರೆ ಒಂದು ದಿನವೂ ಉಳಿಯದು. ಬಡಗಿಗೆ ಡಬಲ್ ಕೂಲಿ ಕೊಟ್ಟು ಬಾಗಿಲುಗಳನ್ನು ಮೊದಲೇ ಮಾಡಿಸಿಟ್ಟುಕೊಂಡರೆ ಅವು ಗೋಡೆಗೆ ಒರಗಿ ಧೂಳು ತಿನ್ನುತ್ತವೆ, ಅಷ್ಟೆ.

ದೊಡ್ಡ ಪ್ರಮಾಣದಲ್ಲಿ ಇದನ್ನು ಕಾಣಬೇಕೆಂದರೆ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗಿನ ಬೆಂಗಳೂರು ಮೆಟ್ರೊ ಹಳದಿ ಮಾರ್ಗವಿದೆ. ಮೇಲ್ಸೇತುವೆ ಎದ್ದು ನಿಂತ ಮೇಲೂ ಓಡಿಸಲು ರೈಲುಗಳಿರಲಿಲ್ಲ. ಮೊದಲ ರೈಲು ಚೀನಾದಿಂದ ಬಂದದ್ದು 2024ರ ಫೆಬ್ರವರಿಯಲ್ಲಿ. ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು, ಅದೂ ಮೂರೇ ರೈಲುಗಳೊಂದಿಗೆ, 25 ನಿಮಿಷಕ್ಕೊಂದರಂತೆ. ಹೊಸೂರು ರಸ್ತೆಯ ಜನ ಕತ್ತೆತ್ತಿ ಕಂಬಗಳನ್ನು ನೋಡುತ್ತಿದ್ದಾಗ ಕ್ರಿಟಿಕಲ್ ಪಾತ್ ಬೋಗಿ ತಯಾರಿಸುವ ಕಾರ್ಖಾನೆಯಲ್ಲಿತ್ತು.

ಈ ವಿಧಾನಕ್ಕೆ ಟೀಕಾಕಾರರೂ ಇದ್ದಾರೆ, ಅವರ ಮಾತಿನಲ್ಲಿ ಹುರುಳೂ ಇದೆ. 1990ರ ದಶಕದಲ್ಲಿ ಕಟ್ಟಡ ನಿರ್ಮಾಣದ ನಿರ್ವಹಣೆಯನ್ನು ಅಧ್ಯಯನ ಮಾಡುತ್ತಿದ್ದ ಗ್ಲೆನ್ ಬ್ಯಾಲಾರ್ಡ್ ಮತ್ತು ಗ್ರೆಗ್ ಹೋವೆಲ್ ಸೈಟುಗಳಲ್ಲಿ ಅಳೆದು ನೋಡಿದರು: ವಾರದ ಯೋಜನೆಯಲ್ಲಿ ಬರೆದ ಕೆಲಸಗಳ ಪೈಕಿ ಅದೇ ವಾರ ಮುಗಿಯುತ್ತಿದ್ದವು ಸರಿಸುಮಾರು ಅರ್ಧ. ಹಿಂದಿನ ಕೆಲಸ ಮುಗಿದ ಮಾತ್ರಕ್ಕೆ ಮುಂದಿನದು ಶುರುವಾಗುವುದಿಲ್ಲ. ಸಾಮಾನು, ಆಳು, ನಕ್ಷೆ, ಜಾಗ ಎಲ್ಲವೂ ಕೂಡಿಬರಬೇಕು. ಆದ್ದರಿಂದ ಕೆಲಸ ಮಾಡಿಸುವ ಮೇಸ್ತ್ರಿಯನ್ನೇ ಕೂರಿಸಿಕೊಂಡು, 'ಈ ವಾರ ಆಗುತ್ತದೆಯೇ' ಎಂದು ಕೇಳಿ, ಅವನು ಒಪ್ಪಿದ್ದನ್ನಷ್ಟೇ ಬರೆಯುವ 'ಲಾಸ್ಟ್ ಪ್ಲ್ಯಾನರ್' ಪದ್ಧತಿಯನ್ನು ಬ್ಯಾಲಾರ್ಡ್ ಬೆಳೆಸಿದರು.

ತಮ್ಮನ ಮನೆಗೆ ಟೈಲ್ಸ್ 19ನೆಯ ದಿನವೇ ಬಂದಿಳಿದವು, ಬೂದುಬಣ್ಣದವು. ಪ್ಲಾಸ್ಟರಿಂಗ್ ಕೂಡ 28ಕ್ಕೆ ಸರಿಯಾಗಿ ಮುಗಿಯಿತು. ಟೈಲ್ಸ್ ಹಾಕುವವರು ಮಾತ್ರ ಊರ ಜಾತ್ರೆಗೆ ಹೋಗಿದ್ದರು.