ಎರಡನೇ ಕಿವಿ ಸ್ಟೆಪ್ನಿಯಲ್ಲ

"ಎಡಗಿವಿ ಒಂಚೂರು ಮಂದ, ಬಲಗಿವಿ ಚೆನ್ನಾಗಿದೆಯಲ್ಲ, ಈ ವಯಸ್ಸಿಗೆ ಇನ್ನೇನು ಬೇಕು?" ನಮ್ಮ ದೊಡ್ಡಪ್ಪನ ವಾದ ಇದು. ಅವರ ಮೊಬೈಲು ಕೂಗಿದರೆ ಮಾತ್ರ ಮನೆಮಂದಿಯೆಲ್ಲ ಹುಡುಕಬೇಕು. ಸದ್ದು ಅವರಿಗೆ ಕೇಳಿಸುತ್ತದೆ, ಎಲ್ಲಿಂದ ಅನ್ನುವುದು ಗೊತ್ತಾಗುವುದಿಲ್ಲ. ದಿಂಬಿನಡಿ ಕೂಗಿದ ಫೋನಿಗೆ ದೇವರಮನೆಗೆ ಹೋಗುತ್ತಾರೆ.

ಬಲಕ್ಕೆ ಚಿಟಿಕೆ ಹೊಡೆಯಿರಿ. ಸದ್ದು ಬಲಗಿವಿಗೆ ನೇರ ಬರುತ್ತದೆ, ಎಡಗಿವಿಗೆ ತಲೆ ಸುತ್ತಿಕೊಂಡು ಹೋಗಬೇಕು. ತಡ ಹೆಚ್ಚೆಂದರೆ 0.7 ಮಿಲಿಸೆಕೆಂಡು ಇದ್ದೀತು, ಕಣ್ಣು ಮಿಟುಕಿಸುವ ಹೊತ್ತಿನ ನೂರರಲ್ಲೊಂದು ಪಾಲೂ ಅಲ್ಲ. ಅದನ್ನೇ ಅಳೆದು ಮೆದುಳು ದಿಕ್ಕು ಹೇಳುತ್ತದೆ. ಒಳ್ಳೆಯ ಕಿವಿಗಳ ಜೋಡಿ ಸೆಕೆಂಡಿನ ಲಕ್ಷದಲ್ಲೊಂದು ಪಾಲಿನ ವ್ಯತ್ಯಾಸವನ್ನೂ ಹಿಡಿಯಬಲ್ಲದು! ಓಟದ ಪಂದ್ಯದ ಗೆರೆಯಲ್ಲಿ ಕೂತ ತೀರ್ಪುಗಾರನ ಕೆಲಸ ಇದು; ಒಬ್ಬನೇ ಓಡಿದರೆ ಗೆದ್ದವನಾರು ಎಂದು ಹೇಗೆ ಹೇಳುವುದು? ತಕ್ಕಡಿ ಅಂದುಕೊಂಡರೂ ಸರಿಯೇ. ಒಂದು ತಟ್ಟೆ ತೂತಾದ ಮೇಲೆ ಇನ್ನೊಂದು ಚಿನ್ನದ್ದಾದರೂ ತೂಕ ಬರುವುದಿಲ್ಲ.

ಇದನ್ನು ಪತ್ತೆ ಮಾಡಿದವರಲ್ಲಿ ಮುಖ್ಯನಾದವನು ಇಂಗ್ಲೆಂಡಿನ ಲಾರ್ಡ್ ರೇಲಿ, ಆರ್ಗಾನ್ ಅನಿಲದ ಸಂಶೋಧನೆಗೆ 1904ರಲ್ಲಿ ನೊಬೆಲ್ ಪಡೆದವನೇ. 1870ರ ದಶಕದಲ್ಲಿ ಹುಲ್ಲುಹಾಸಿನ ಮೇಲೆ ಕಣ್ಣುಮುಚ್ಚಿ ನಿಂತು, ಸುತ್ತ ನಿಂತವರ ದನಿ ಯಾವ ಕಡೆಯದೆಂದು ಹೇಳುತ್ತಿದ್ದ. ನೋಡಿದವರು ಏನೆಂದುಕೊಂಡರೋ! ಕೀಚಲು ಸದ್ದಿಗೆ ತಲೆ ಅಡ್ಡ ನಿಂತು ನೆರಳು ಬೀಳಿಸುತ್ತದೆ, ಹಾಗಾಗಿ ಆಚೆ ಕಿವಿಗೆ ಕಡಿಮೆ ಕೇಳುತ್ತದೆ. ತಗ್ಗು ಸ್ವರದ ಗಡಸು ಸದ್ದು ತಲೆಯನ್ನು ಬಳಸಿ ಹೋಗಿಬಿಡುತ್ತದೆ, ಅಲ್ಲಿ ಕಾಲದ ಲೆಕ್ಕವೇ ಗತಿ. ಈ ಎರಡನ್ನೂ ಅವನು ಜೋಡಿಸಿದ್ದು 1907ರಲ್ಲಿ.

ಮದುವೆ ಊಟದ ಗದ್ದಲದಲ್ಲಿ ಪಕ್ಕದವರ ಮಾತನ್ನು ಹೆಕ್ಕಿಕೊಳ್ಳುವುದಕ್ಕೂ ಇದೇ ಲೆಕ್ಕ ಬೇಕು. "ಅಜ್ಜನಿಗೆ ಬೇಕಾದ್ದು ಮಾತ್ರ ಕೇಳುತ್ತೆ" ಎಂದು ನಗುವವರಿಗೆ ಇದು ತಿಳಿದಿರಲಿ.

ವಯಸ್ಸು ಸಾಮಾನ್ಯವಾಗಿ ಎರಡೂ ಕಿವಿಗಳನ್ನು ಸರಿಸಮವಾಗಿ ಸವೆಸುತ್ತದೆ. ಒಂದೇ ಕಿವಿ ಹಿಂದೆಬಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಾಗಬಾರದು. ಗುಗ್ಗೆ ಇರಬಹುದು, ಕಿವಿಯ ತಮಟೆ ತೂತಾಗಿರಬಹುದು. ಬಲಭುಜಕ್ಕೆ ಕೋವಿ ಆನಿಸುವವರ ಎಡಗಿವಿ ಬೇಗ ಕೆಡುವುದುಂಟು, ನಳಿಗೆಯ ಕಡೆ ತಿರುಗಿರುವುದು ಅದೇ. ಅಪರೂಪಕ್ಕೆ ಕಿವಿಯ ನರದ ಮೇಲೆ ಕ್ಯಾನ್ಸರಲ್ಲದ ಗಡ್ಡೆ. ಎರಡು ಮೂರು ದಿನದಲ್ಲೇ ಒಂದು ಕಿವಿ ಬಿದ್ದುಹೋದರಂತೂ ತುರ್ತು. ಸ್ಟಿರಾಯ್ಡ್ ಚಿಕಿತ್ಸೆ ಮೊದಲೆರಡು ವಾರದೊಳಗೆ ಶುರುವಾದರೇ ಹೆಚ್ಚು ಫಲ. ಆ ಎರಡು ವಾರವನ್ನು ನಮ್ಮಲ್ಲಿ ಬೆಳ್ಳುಳ್ಳಿ ಕಾಸಿದ ಎಣ್ಣೆ ನುಂಗುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ.

ಒಂದು ಕಿವಿಗೆ ಬೆರಳಿಟ್ಟು "ಹೂಂ" ಎನ್ನಿ. ಸದ್ದು ಮುಚ್ಚಿದ ಕಿವಿಗೇ ಹೋಗುತ್ತದೆ! ಜರ್ಮನಿಯ ವೆಬರ್ ಹೆಸರಿನ ಪರೀಕ್ಷೆಯ ಗುಟ್ಟು ಇದೇ. ಮಿಡಿದ ಟ್ಯೂನಿಂಗ್ ಫೋರ್ಕನ್ನು, ಅಂದರೆ ನಾದ ಹೊಮ್ಮಿಸುವ ಲೋಹದ ಕವೆಯನ್ನು, ವೈದ್ಯರು ಹಣೆಗೆ ಒತ್ತುತ್ತಾರೆ. ಮಂದ ಕಿವಿಗೆ ಜೋರಾಗಿ ಕೇಳಿದರೆ ಸದ್ದು ಒಳಹೋಗುವ ದಾರಿಯಲ್ಲಿ ಅಡ್ಡಿ, ಒಳ್ಳೆಯ ಕಿವಿಗೆ ಕೇಳಿದರೆ ಒಳಗಿವಿಯ ಅಥವಾ ನರದ ದೋಷ.

ದೊಡ್ಡಪ್ಪನಿಗೆ ಬಲಕ್ಕೇ ಕೇಳಿತು. ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಮ್, ಎಂಆರ್‌ಐ ಆಯಿತು, ಪುಣ್ಯಕ್ಕೆ ಗಡ್ಡೆಯಿರಲಿಲ್ಲ. ಎಡಕ್ಕೆ ಶ್ರವಣ ಸಾಧನ ಬಂತು. ಮೊದಲ ಕೆಲವು ವಾರ ಹಾಲಿನವನು ಅಟ್ಟದ ಮೇಲಿಂದ ಕೂಗುತ್ತಾನೆಂದು ದೂರುತ್ತಿದ್ದರು. ಈಗ ಗೇಟಿಗೇ ಹೋಗುತ್ತಾರೆ.