ಊಟ ಅದೇ, ಓಣಿ ಬದಲಾಯಿತು: ತೂಕ ಯಾಕೆ ಏರಿತು?

ಪ್ರಶ್ನೆ: ಹುಬ್ಬಳ್ಳಿಯ ದುರ್ಗದಬೈಲ್ ಹತ್ತಿರದ ಮನೆ ಬಿಟ್ಟು ಗೋಕುಲ ರಸ್ತೆ ಕಡೆಯ ಹೊಸ ಬಡಾವಣೆಗೆ ಬಂದಿದ್ದೇವೆ. ಊಟ ಅದೇ ರೊಟ್ಟಿ-ಪಲ್ಯ. ಆದರೂ ನನಗೂ ನಮ್ಮ ಮನೆಯವರಿಗೂ ತೂಕ ಏರುತ್ತಲೇ ಇದೆ. ಇರುವ ಜಾಗಕ್ಕೂ ಬೊಜ್ಜಿಗೂ ಸಂಬಂಧ ಇದೆಯಾ?

ಇದೆ. ಸುಮ್ನೆ ಸೋಮಾರಿ ಅಂತ ನಿಮ್ಮನ್ನೇ ಬೈದುಕೊಳ್ಳಬೇಡಿ.

ದುರ್ಗದಬೈಲ್‌ನಲ್ಲಿದ್ದಾಗ ಕಾಯಿಪಲ್ಯಕ್ಕೆ, ಕಿರಾಣಿಗೆ, ಗುಡಿಗೆ ನಡೆದೇ ಹೋಗುತ್ತಿದ್ದಿರಿ. ಆ ಪೇಟೆಯ ಗದ್ದಲದಲ್ಲಿ ಗಾಡಿ ತೆಗೆಯುವುದೇ ತಲೆನೋವು, ಅಲ್ವಾ? ವ್ಯಾಯಾಮ ಅಂತ ಯಾರೂ ಅಂದುಕೊಳ್ಳದಿದ್ದರೂ ಕಾಲಿಗೆ ದಿನವೂ ಕೆಲಸ ಇತ್ತು. ಹೊಸ ಬಡಾವಣೆಗಳಲ್ಲಿ ಒಂದು ಸೂಡು ಕೊತ್ತಂಬರಿ ತರಲೂ ಸ್ಕೂಟರ್ ಬೇಕು. ಫುಟ್‌ಪಾತ್ ಇದ್ದರೆ ಅದರ ಮೇಲೆ ಕಾರು ನಿಂತಿರುತ್ತದೆ. ಬೀದಿದೀಪ ಇಲ್ಲದ ತಿರುವಿನಲ್ಲಿ ನಾಯಿಗಳ ಹಿಂಡು. ಕತ್ತಲಾದ ಮೇಲೆ ಹೆಣ್ಣುಮಕ್ಕಳು ಹೇಗೆ ವಾಕಿಂಗ್ ಹೋಗಬೇಕು?

ದಪ್ಪ ಇರುವವರೇ ಇಂಥ ಕಡೆ ಬಂದಿರಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಅಮೆರಿಕದಲ್ಲಿ ಇದನ್ನು ಚೀಟಿ ಎತ್ತಿಯೇ ಪರೀಕ್ಷಿಸಿದರು. 1994ರಿಂದ 1998ರ ನಡುವೆ 5 ನಗರಗಳ ಬಡ ಓಣಿಗಳ ಕೆಲವು ಕುಟುಂಬಗಳಿಗೆ, ಬಡತನ ಕಡಿಮೆ ಇರುವ ಕಡೆ ಮನೆ ಮಾಡಲು ಬಾಡಿಗೆ ನೆರವು ಕೊಟ್ಟರು. 10-15 ವರ್ಷದ ನಂತರ ನೋಡಿದರೆ, ಚೀಟಿಯಲ್ಲಿ ಹೆಸರು ಬಾರದವರಿಗಿಂತ ಆ ಕುಟುಂಬಗಳ ಹೆಂಗಸರಲ್ಲಿ ವಿಪರೀತ ಬೊಜ್ಜೂ ಕಡಿಮೆ, ಸಕ್ಕರೆ ಕಾಯಿಲೆಯೂ ಕಡಿಮೆ. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಾಗಂತ ದುಬಾರಿ ಬಡಾವಣೆ ಎಲ್ಲವೂ ಮೈಗೆ ಒಳ್ಳೆಯದಲ್ಲ. ನಮ್ಮಲ್ಲಿ ಸೈಟಿನ ರೇಟು ಏರಿದ ಕಡೆಯೇ ನಡಿಗೆ ಕಡಿಮೆ.

ತಿನ್ನುವುದೂ ಕೈಗೆ ಸಿಗುವುದರ ಮೇಲೆಯೇ. ಸಂಜೆ ಮೂಲೆಯ ಗಾಡಿಯಲ್ಲಿ ಮಿರ್ಚಿ ಎಣ್ಣೆಗೆ ಬಿದ್ದ ವಾಸನೆ ಬಂದರೆ ಕಾಲು ಅತ್ತಲೇ ಹೋಗುತ್ತದೆ. ಗಿರ್ಮಿಟ್‌ನಲ್ಲಿ ಚುರುಮುರಿ, ಈರುಳ್ಳಿ, ಟೊಮ್ಯಾಟೊ ಇರುತ್ತದೆ, ಅದನ್ನು ಆಗಾಗ ತಿನ್ನಿ. ಜೊತೆಗಿನ ಮಿರ್ಚಿ ಬಿಡಿ.

ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆ ಬೇಕು. ತೋಳನಕೆರೆಗೆ ಕಾರಿನಲ್ಲಿ ಹೋಗಿ ಸುತ್ತು ಹಾಕುವ ಉತ್ಸಾಹ ಬಹಳ ದಿನ ಉಳಿಯುವುದಿಲ್ಲ. ಅದಕ್ಕಿಂತ ಹಾಲು, ಕಾಯಿಪಲ್ಯ ನಡೆದೇ ತನ್ನಿ. ಧಾರವಾಡಕ್ಕೆ ಹೋಗುವಾಗ ಚಿಗರಿ ಬಸ್ ಹಿಡಿದರೆ ನಿಲ್ದಾಣದವರೆಗೂ ಒಂದಿಷ್ಟು ನಡಿಗೆ ಆಗುತ್ತದೆ. ಟೇಪು ಹಿಡಿದು ಸೊಂಟ ಅಳೆಯಿರಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ತೂಕ ಬೇಗ ಏರಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ.

ಅಕ್ಕಪಕ್ಕದವರೆಲ್ಲ ಸಹಿ ಹಾಕಿ ಮಹಾನಗರ ಪಾಲಿಕೆಗೆ ಅರ್ಜಿ ಕೊಡಿ. ಮೊದಲು ಬೀದಿದೀಪ ಕೇಳಿ, ಆಮೇಲೆ ಫುಟ್‌ಪಾತ್.